ಟೇಬಲ್ ಬದಲಿಸುವ ಮುನ್ನ, ಬದಲಿಸುವಾಗ, ಕೈಕೊಟ್ಟಾಗ

ಡಿಸೆಂಬರ್ ತಿಂಗಳು, ಅರೇಬಿಕಾ ಕೊಯ್ಲಿನ ಸಮಯ. ಚಿಕ್ಕಮಗಳೂರಿನ ಒಂದು ಕಾಫಿ ಖರೀದಿ ಗೋದಾಮಿನಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಸಂಜೆ 4 ಗಂಟೆಗೆ, ಡೇಟಾಬೇಸ್‌ನ ಖರೀದಿ ಟೇಬಲ್‌ನಲ್ಲಿ ತೇವಾಂಶ ಬರೆಯಲು ಒಂದು ಕಾಲಂ ಬೇಕು ಎಂದರು. ಒಂದು ಸಾಲಿನ ಕೆಲಸ ಅಲ್ವಾ ಎಂದುಕೊಂಡು ಆಗಲೇ ಕಮಾಂಡ್ ಕೊಟ್ಟೆ. ಎರಡು ನಿಮಿಷಕ್ಕೆ ಕೌಂಟರ್‌ನಿಂದ ಫೋನ್ ಬಂತು. "ಸಾರ್, ಸ್ಲಿಪ್ ಬರ್ತಾ ಇಲ್ಲ. ಸ್ಕ್ರೀನ್ ಹಾಗೇ ನಿಂತುಬಿಟ್ಟಿದೆ." ಹೊರಗೆ ಆಲ್ದೂರು, ಮೂಡಿಗೆರೆ ಕಡೆಯಿಂದ ಮೂಟೆ ಹೊತ್ತು ಬಂದ ಪಿಕಪ್‌ಗಳು ಸಾಲಾಗಿ ನಿಂತಿದ್ದವು. ತೋಟದಿಂದ ಬಂದವರಿಗೆ ಕತ್ತಲಾಗುವ ಮೊದಲು ಮನೆ ಸೇರುವ ಆತುರ. ನಾನು ಮುಕ್ಕಾಲು ಗಂಟೆ ಒದ್ದಾಡಿದೆ.

ಕಮಾಂಡ್‌ನಲ್ಲಿ ತಪ್ಪೇ ಇರಲಿಲ್ಲ. ಬೆಳಗ್ಗೆಯಿಂದ ಯಾರೋ ತೆರೆದಿಟ್ಟ ಒಂದು ರಿಪೋರ್ಟ್ ಆ ಟೇಬಲ್ ಅನ್ನು ಹಿಡಿದುಕೊಂಡಿತ್ತು. ಆಮೇಲೆ ಎಷ್ಟೋ ಸಲ ನೋಡಿದ್ದೇನೆ: ಟೇಬಲ್ ಬದಲಿಸುವಾಗ ಬರುವ ತೊಂದರೆ ಬಹುಪಾಲು ಮೊದಲೇ ಒಳಗೆ ಕೂತಿರುತ್ತದೆ. ನಾವು ಕೈ ಹಾಕಿದಾಗ ಕಾಣಿಸಿಕೊಳ್ಳುತ್ತದೆ, ಅಷ್ಟೇ. ಆದ್ದರಿಂದ ಎರರ್ ಬಂದಾಗ ಅದರ ಬಾಯಿ ಮುಚ್ಚಿಸುವುದು ಬೇಡ, ಅದು ಏನು ಹೇಳುತ್ತಿದೆ ಎಂದು ಕೇಳೋಣ. ಈ ಲೇಖನ ಬರೆದಿರುವುದು ಅದಕ್ಕೇ.

ಸಣ್ಣ ಆಫೀಸು, ಸೊಸೈಟಿ, ಗೋದಾಮುಗಳಲ್ಲಿ ಜಾಸ್ತಿ ಕಾಣುವ ಡೇಟಾಬೇಸ್ ಸಾಫ್ಟ್‌ವೇರ್‌ಗಳು ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ. ಇಲ್ಲಿ ಹೇಳುವುದೆಲ್ಲ ಅವುಗಳಿಗೆ. ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು.

ಮೊದಲ ಹೆಜ್ಜೆ: ನಿಮ್ಮ ಬಳಿ ಏನಿದೆ ಎಂದು ನೋಡಿ

‘ಸೆಲೆಕ್ಟ್ ವರ್ಷನ್()’ ಕೊಟ್ಟು ಆವೃತ್ತಿ ತಿಳಿದುಕೊಳ್ಳಿ. ಕ್ಸಾಂಪ್ (ವೆಬ್ ಸರ್ವರ್, ಡೇಟಾಬೇಸ್ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿಕೊಂಡವರು ಅದನ್ನು ಮೈಎಸ್‌ಕ್ಯೂಎಲ್ ಎಂದೇ ಕರೆಯುತ್ತಾರೆ. ಈಗಿನ ಕ್ಸಾಂಪ್‌ನಲ್ಲಿ ಒಳಗಿರುವುದು ಮರಿಯಾಡಿಬಿ. ಎರಡರ ನಡವಳಿಕೆ ಕೆಲವು ಕಡೆ ಬೇರೆ, ಹಾಗಾಗಿ ಇದು ಸಣ್ಣ ವಿಷಯವಲ್ಲ.

ಆಮೇಲೆ ಬದಲಿಸಬೇಕಾದ ಟೇಬಲ್ ಎಷ್ಟು ದೊಡ್ಡದು, ಡಿಸ್ಕ್‌ನಲ್ಲಿ ಎಷ್ಟು ಜಾಗ ಖಾಲಿ ಇದೆ ಎಂದು ನೋಡಿ. ಕೆಲವು ಬದಲಾವಣೆಗಳಿಗೆ ಸರ್ವರ್ ಇಡೀ ಟೇಬಲ್‌ನ ಇನ್ನೊಂದು ಪ್ರತಿ ಬರೆದು, ಹಳೆಯದನ್ನು ಆಮೇಲೆ ತೆಗೆಯುತ್ತದೆ. 8 ಜಿಬಿ ಟೇಬಲ್‌ಗೆ ಇನ್ನೂ 8 ಜಿಬಿ ಬೇಕು. ನಾನು ಎರಡರಷ್ಟು ಖಾಲಿ ಇದ್ದರೆ ಮಾತ್ರ ಕೈ ಹಾಕುತ್ತೇನೆ.

ಬ್ಯಾಕಪ್ ಬಗ್ಗೆ ಎಲ್ಲರಿಗೂ ಗೊತ್ತು. ಆದರೂ ಕ್ಸಾಂಪ್‌ನ ‘ಡೇಟಾ’ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಅದನ್ನೇ ಬ್ಯಾಕಪ್ ಎಂದು ನಂಬಿದವರನ್ನು ಈಗಲೂ ನೋಡುತ್ತೇನೆ. ಸರ್ವರ್ ಓಡುತ್ತಿರುವಾಗ ಮಾಡಿದ ಅಂಥ ಕಾಪಿ ಅರ್ಧಂಬರ್ಧ ಬರಬಹುದು. ಬರೀ ಒಂದು ಡೇಟಾಬೇಸ್‌ನ ಫೋಲ್ಡರ್ ಎತ್ತಿಕೊಂಡರೆ, ಅದಕ್ಕೆ ಬೇಕಾದ ‘ಐಬಿಡೇಟಾ1’ ಕಡತ ಹೊರಗೇ ಉಳಿಯುತ್ತದೆ. ‘ಮೈಎಸ್‌ಕ್ಯೂಎಲ್‌ಡಂಪ್’ ಬಳಸಿ. ಜೊತೆಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಕೊಟ್ಟರೆ ಇನ್ನೋಡಿಬಿ (ಈಗ ಸಾಮಾನ್ಯವಾಗಿ ಬಳಸುವ ಬಗೆಯ) ಟೇಬಲ್‌ಗಳ ಕೆಲಸ ನಿಲ್ಲುವುದಿಲ್ಲ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಬರೆದಿಟ್ಟ ಪ್ರೋಗ್ರಾಂ) ಇದ್ದರೆ ‘ರೂಟೀನ್ಸ್’ ಆಯ್ಕೆಯನ್ನೂ ಸೇರಿಸಿ, ತಾನಾಗಿ ಅವು ಬರುವುದಿಲ್ಲ. ಡಂಪ್ ನಡೆಯುತ್ತಿರುವಾಗ ಟೇಬಲ್ ರಚನೆ ಮುಟ್ಟಬೇಡಿ, ಬ್ಯಾಕಪ್ಪೇ ಕೆಡಬಹುದು.

ಆ ಬ್ಯಾಕಪ್ ಅನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ಬಿಚ್ಚಿ, ನಿಮ್ಮ ಬದಲಾವಣೆಯನ್ನು ಮೊದಲು ಅಲ್ಲಿ ಓಡಿಸಿ. ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಬರಬೇಕಾದ ಎರರ್‌ಗಳಲ್ಲಿ ಮುಕ್ಕಾಲು ಪಾಲು ಅಲ್ಲೇ ಬಂದುಬಿಡುತ್ತವೆ. ಯಾರಿಗೂ ತೊಂದರೆ ಇಲ್ಲ.

ಎರಡನೇ ಹೆಜ್ಜೆ: ಯಾವ ಬದಲಾವಣೆ ಹಗುರ, ಯಾವುದು ಭಾರ

ಸರ್ವರ್ ಮೂರು ಬಗೆಯಲ್ಲಿ ಟೇಬಲ್ ಬದಲಿಸುತ್ತದೆ. ‘ಇನ್‌ಸ್ಟಂಟ್’ ಎಂದರೆ ಟೇಬಲ್‌ನ ವಿವರ ಮಾತ್ರ ಬದಲಾಗುತ್ತದೆ, ಸಾಲುಗಳನ್ನು ಮುಟ್ಟುವುದಿಲ್ಲ, ಕ್ಷಣದಲ್ಲಿ ಮುಗಿಯುತ್ತದೆ. ‘ಇನ್‌ಪ್ಲೇಸ್’ನಲ್ಲಿ ಕೆಲಸ ಒಳಗೊಳಗೇ ನಡೆಯುತ್ತದೆ, ಸಾಮಾನ್ಯವಾಗಿ ಬೇರೆಯವರು ಓದಿ ಬರೆಯಬಹುದು. ‘ಕಾಪಿ’ಯಲ್ಲಿ ಇಡೀ ಟೇಬಲ್ ಮತ್ತೆ ಬರೆಯಲಾಗುತ್ತದೆ, ಸಾಮಾನ್ಯವಾಗಿ ಅಷ್ಟೂ ಹೊತ್ತು ಯಾರೂ ಹೊಸದಾಗಿ ಬರೆಯುವಂತಿಲ್ಲ.

ಕೊನೆಯಲ್ಲಿ ಹೊಸ ಕಾಲಂ ಸೇರಿಸುವುದು ಮೈಎಸ್‌ಕ್ಯೂಎಲ್ 8.0.12ರಿಂದ, ಮರಿಯಾಡಿಬಿ 10.3ರಿಂದ ಕ್ಷಣದ ಕೆಲಸ. ನಡುವೆ ಸೇರಿಸುವುದು, ಕಾಲಂ ತೆಗೆಯುವುದು ಮೈಎಸ್‌ಕ್ಯೂಎಲ್ 8.0.29ರಿಂದ, ಮರಿಯಾಡಿಬಿ 10.4ರಿಂದ ಹಾಗೆ ಆಯಿತು. ಅದಕ್ಕಿಂತ ಹಳೆಯದಾಗಿದ್ದರೆ ಟೇಬಲ್ ಮತ್ತೆ ಕಟ್ಟಲಾಗುತ್ತದೆ. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಸೇರಿಸುವುದು ಇನ್‌ಪ್ಲೇಸ್. ಕಾಲಂನ ಬಗೆಯನ್ನೇ ಬದಲಿಸುವುದು, ಅಂದರೆ ಪಠ್ಯವನ್ನು ಸಂಖ್ಯೆ ಮಾಡುವಂಥದ್ದು, ಕಾಪಿ.

ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಕಮಾಂಡ್‌ನ ಕೊನೆಗೆ ‘ಅಲ್ಗಾರಿದಮ್=ಇನ್‌ಸ್ಟಂಟ್’ ಎಂದು ಸೇರಿಸಿ. ಆಗುವಂತಿದ್ದರೆ ಆಗುತ್ತದೆ. ಆಗದಿದ್ದರೆ ಸರ್ವರ್ ಒಪ್ಪದೆ ಎರರ್ ಕೊಡುತ್ತದೆ, ಟೇಬಲ್ ಇದ್ದ ಹಾಗೇ ಇರುತ್ತದೆ. ಹೀಗೆ ಬರೆಯದೆ ಬಿಟ್ಟರೆ ಅದು ಸದ್ದಿಲ್ಲದೆ ಕಾಪಿಗೆ ಇಳಿಯಬಹುದು. ಹಗಲು ಹೊತ್ತಿನಲ್ಲಿ ಇದರಿಂದ ನನಗೆ ಎಷ್ಟೋ ಸಲ ಉಪಕಾರವಾಗಿದೆ.

ಮೋಸಹೋಗುವ ಒಂದು ಜಾಗ ಇಲ್ಲಿದೆ. ವಾರ್ಚಾರ್ (ಪಠ್ಯ ಬರೆಯುವ) ಕಾಲಂ ಅನ್ನು 50ರಿಂದ 100 ಅಕ್ಷರಕ್ಕೆ ಹಿಗ್ಗಿಸುವುದು ಹಗುರ ಅನ್ನಿಸುತ್ತದೆ. ಆದರೆ ಉದ್ದ 255 ಬೈಟ್ ಒಳಗಿದ್ದರೆ ಅದನ್ನು ಬರೆದಿಡಲು 1 ಬೈಟ್ ಸಾಕು, ದಾಟಿದರೆ 2 ಬೇಕು. ಯುಟಿಎಫ್8ಎಂಬಿ4 ಎಂಬ, ಕನ್ನಡವನ್ನೂ ಹಿಡಿಸುವ ಅಕ್ಷರ ಸಂಕೇತದಲ್ಲಿ ಒಂದು ಅಕ್ಷರಕ್ಕೆ 4 ಬೈಟ್‌ವರೆಗೆ ಲೆಕ್ಕ. 63 ಅಕ್ಷರಕ್ಕೆ 252, 64ಕ್ಕೆ 256. ಹಾಗಾಗಿ ಮೈಎಸ್‌ಕ್ಯೂಎಲ್‌ನಲ್ಲಿ 50ರಿಂದ 60ಕ್ಕೆ ಹೋದರೆ ಇನ್‌ಪ್ಲೇಸ್, ಬೇಗ ಮುಗಿಯುತ್ತದೆ. 50ರಿಂದ 100ಕ್ಕೆ ಹೋದರೆ ಇಡೀ ಟೇಬಲ್ ಕಾಪಿ.

ಮೂರನೇ ಹೆಜ್ಜೆ: ಎಲ್ಲ ನಿಂತುಹೋದಾಗ

ನನ್ನ ಡಿಸೆಂಬರ್ ಸಂಜೆಗೆ ಮತ್ತೆ ಬರುತ್ತೇನೆ, ಯಾಕೆಂದರೆ ಜನ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ.

ಚಾರ್ಮಾಡಿ ಘಾಟಿಯ ಒಂದು ತಿರುವು ನೆನೆಸಿಕೊಳ್ಳಿ. ಉದ್ದನೆಯ ಲಾರಿ ತಿರುಗಲು ಪೂರ್ತಿ ರಸ್ತೆ ಬೇಕು. ತಿರುವಿನಲ್ಲಿ ಒಂದು ಜೀಪು ನಿಂತಿದೆ. ಜೀಪು ಯಾರಿಗೂ ಅಡ್ಡ ಇರಲಿಲ್ಲ, ಪಕ್ಕದಲ್ಲಿ ಕಾರು ಬೈಕುಗಳು ಹೋಗುತ್ತಲೇ ಇದ್ದವು. ಲಾರಿ ಬಂದು ಜೀಪು ಸರಿಯಲಿ ಎಂದು ಕಾಯತೊಡಗಿತು. ಈಗ ಲಾರಿಯ ಹಿಂದೆ ಬಂದವರೆಲ್ಲ ನಿಂತರು. ಟೇಬಲ್ ಬದಲಿಸುವ ‘ಆಲ್ಟರ್ ಟೇಬಲ್’ ಕಮಾಂಡ್ ಆ ಲಾರಿ. ಮುಗಿಯದೆ ತೆರೆದೇ ಉಳಿದ ಟ್ರಾನ್ಸಾಕ್ಷನ್ (ಒಟ್ಟಿಗೆ ಮುಗಿಯಬೇಕಾದ ಕೆಲಸಗಳ ಕಂತೆ) ಆ ಜೀಪು. ಆಲ್ಟರ್‌ಗೆ ಟೇಬಲ್‌ನ ಮೆಟಾಡೇಟಾ ಲಾಕ್ (ರಚನೆಯ ಮೇಲಿನ ಬೀಗ) ಪೂರ್ತಿಯಾಗಿ ಬೇಕು. ಅದು ಸಿಗುವವರೆಗೆ ಅದರ ಹಿಂದಿನ ಸುಮ್ನೆ ಓದುವ ಕೆಲಸವೂ ಮುಂದೆ ಹೋಗುವುದಿಲ್ಲ. ಕಾಲಂ ಸೇರಿಸುವುದು ಇನ್‌ಸ್ಟಂಟ್ ಆಗಿದ್ದರೂ ಈ ಕಾಯುವಿಕೆ ತಪ್ಪುವುದಿಲ್ಲ.

‘ಶೋ ಫುಲ್ ಪ್ರೊಸೆಸ್‌ಲಿಸ್ಟ್’ ಕೊಡಿ. ಸಾಲುಸಾಲಾಗಿ ‘ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್’ ಎಂದು ಕಂಡರೆ ಇದೇ ತೊಂದರೆ. ಮೊದಲು ನಿಮ್ಮ ಆಲ್ಟರ್ ಅನ್ನೇ ‘ಕಿಲ್’ ಮಾಡಿ. ಅದು ಇನ್ನೂ ಕೆಲಸ ಶುರುಮಾಡಿಲ್ಲ, ಹಾಗಾಗಿ ಏನೂ ಹಾಳಾಗುವುದಿಲ್ಲ. ಕೌಂಟರ್ ಆ ಕ್ಷಣವೇ ಓಡುತ್ತದೆ. ಕಾಯುತ್ತಿರುವ ಜನರನ್ನು ಮೊದಲು ಬಿಡಿಸಿ, ಕಾರಣ ಆಮೇಲೆ ಹುಡುಕೋಣ.

ಹಿಡಿದುಕೊಂಡವರು ಯಾರು? ಪ್ರೊಸೆಸ್‌ಲಿಸ್ಟ್‌ನಲ್ಲಿ ಅವರು ಬರೀ ‘ಸ್ಲೀಪ್’ ಎಂದು ಕಾಣುತ್ತಾರೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ‘ಇನ್ಫರ್ಮೇಷನ್ ಸ್ಕೀಮಾ’ದ ‘ಇನ್ನೋಡಿಬಿ ಟಿಆರ್‌ಎಕ್ಸ್’ ಟೇಬಲ್ ನೋಡಿ. ಅದರಲ್ಲಿ ಪ್ರತಿ ಟ್ರಾನ್ಸಾಕ್ಷನ್ ಯಾವಾಗ ಶುರುವಾಯಿತು ಎಂಬ ಹೊತ್ತು ಇರುತ್ತದೆ. ಬೆಳಗ್ಗೆ 9ಕ್ಕೆ ಶುರುವಾಗಿ ಸಂಜೆಯವರೆಗೂ ಇರುವುದು ಸಿಕ್ಕರೆ ಅದೇ ಜೀಪು. ಅದರ ಪಕ್ಕದ ಥ್ರೆಡ್ ನಂಬರ್ ಹಿಡಿದು, ಯಾರ ಕಂಪ್ಯೂಟರ್ ಎಂದು ಪತ್ತೆ ಮಾಡಿ, ಅವರನ್ನು ಕೇಳಿಯೇ ಮುಚ್ಚಿಸಿ. ಅರ್ಧ ಹೊಡೆದ ಬಿಲ್ ಅದರಲ್ಲಿ ಇರಬಹುದು.

ಮುಂದಿನ ಸಲಕ್ಕೆ, ಆಲ್ಟರ್ ಕೊಡುವ ಮೊದಲು ಅದೇ ಕನೆಕ್ಷನ್‌ನಲ್ಲಿ ‘ಸೆಟ್ ಸೆಷನ್ ಲಾಕ್ ವೇಟ್ ಟೈಮ್‌ಔಟ್ = 5’ ಎಂದು ಬರೆಯಿರಿ. ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಬೇಕು. 5 ಸೆಕೆಂಡ್‌ನಲ್ಲಿ ಲಾಕ್ ಸಿಗದಿದ್ದರೆ ಅದೇ ಹಿಂದೆ ಸರಿಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಇದರ ಮೂಲ ಮೌಲ್ಯ 3,15,36,000 ಸೆಕೆಂಡ್. ಅಂದರೆ ಒಂದು ವರ್ಷ! ನಾವಾಗಿ ತಡೆಯದಿದ್ದರೆ ಅದು ಕಾಯುತ್ತಲೇ ಇರುತ್ತದೆ.

ಪಟ್ಟಿಯಲ್ಲಿ ‘ಕಾಪಿ ಟು ಟೆಂಪ್ ಟೇಬಲ್’ ಎಂದಿದ್ದರೆ ಕತೆಯೇ ಬೇರೆ. ಕೆಲಸ ನಡೆಯುತ್ತಿದೆ, ಕಾಯಿರಿ. ಸರ್ವರ್ ಅಥವಾ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಡಿ. ಬ್ರೌಸರ್‌ನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ 300 ಸೆಕೆಂಡ್ ಮಿತಿ ಇರುತ್ತದೆ. ಪುಟ ನಿಂತಿತು ಎಂದು ಮತ್ತೆ ಬಟನ್ ಒತ್ತಬೇಡಿ, ಹಿಂದೆ ಆಲ್ಟರ್ ಇನ್ನೂ ಓಡುತ್ತಿರಬಹುದು. ದೊಡ್ಡ ಟೇಬಲ್‌ನ ಕೆಲಸವನ್ನು ಕಮಾಂಡ್‌ಲೈನ್‌ನಲ್ಲೇ ಮಾಡುವುದು ಒಳ್ಳೆಯದು.

ನಾಲ್ಕನೇ ಹೆಜ್ಜೆ: ಎರರ್ ಹೇಳುವುದನ್ನು ಓದಿ

ತೂಕದ ಕಾಲಂ ಅನ್ನು ಯಾರೋ ಹಿಂದೆ ವಾರ್ಚಾರ್ ಮಾಡಿಟ್ಟಿದ್ದಾರೆ ಎಂದುಕೊಳ್ಳಿ. ಅದರಲ್ಲಿ ‘48.5’ ಇದೆ, ‘50 ಕೆಜಿ’ ಇದೆ, ‘ಆಮೇಲೆ ಹೇಳ್ತಾರೆ’ ಎಂಬುದೂ ಇದೆ. ಈಗ ಸಂಖ್ಯೆಗೆ ಬದಲಿಸಲು ಹೋದರೆ 1265 ಅಥವಾ 1366 ಎರರ್ ಬಂದು ನಿಲ್ಲುತ್ತದೆ. ಸ್ಟ್ರಿಕ್ಟ್ ಮೋಡ್ (ತಪ್ಪು ಡೇಟಾ ಒಪ್ಪದ ಸೆಟ್ಟಿಂಗ್) ತೆಗೆದುಹಾಕಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎರರ್ ಹೋಗುತ್ತದೆ, ಆದರೆ ‘ಆಮೇಲೆ ಹೇಳ್ತಾರೆ’ ಎಂಬಂಥ ಸಾಲುಗಳ ತೂಕ ಸದ್ದಿಲ್ಲದೆ 0 ಆಗುತ್ತದೆ. ಆ 0 ಯಾರೋ ಒಬ್ಬ ಬೆಳೆಗಾರರ ಮೂಟೆ.

ಸುರಕ್ಷಿತ ದಾರಿ ಹೀಗೆ. ಹಳೆಯ ಕಾಲಂ ಹಾಗೇ ಇರಲಿ. ಪಕ್ಕದಲ್ಲಿ ‘ಡೆಸಿಮಲ್(10,3)’ ಬಗೆಯ ಹೊಸ ಕಾಲಂ ಸೇರಿಸಿ. ಬರೀ ಅಂಕಿ ಮತ್ತು ಚುಕ್ಕಿ ಇರುವ ಸಾಲುಗಳನ್ನು ರೆಗ್‌ಎಕ್ಸ್‌ನಿಂದ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಆಯ್ದು, 5,000 ಸಾಲುಗಳ ಕಂತಿನಲ್ಲಿ ಹೊಸದಕ್ಕೆ ತುಂಬಿಸಿ. ಒಂದೇ ಏಟಿಗೆ ಎಲ್ಲ ತುಂಬಿಸಿದರೆ ಮತ್ತೆ ಎಲ್ಲರೂ ಕಾಯಬೇಕಾಗುತ್ತದೆ. ಉಳಿದ ಸಾಲುಗಳನ್ನು ಸ್ಲಿಪ್ ಪುಸ್ತಕ ಹಿಡಿದು ಕೈಯಿಂದಲೇ ಸರಿಮಾಡಿ. ಬೇಸರದ ಕೆಲಸ ನಿಜ, ಆದರೆ ಬೇರೆ ಪ್ರಾಮಾಣಿಕ ದಾರಿ ಇಲ್ಲ. ಒಟ್ಟು ತೂಕ ತಾಳೆಯಾದ ಮೇಲೆ ಸಾಫ್ಟ್‌ವೇರ್ ಅನ್ನು ಹೊಸ ಕಾಲಂಗೆ ತಿರುಗಿಸಿ. ಹಳೆಯದನ್ನು ಒಂದು ಸೀಸನ್ ಇಟ್ಟು ಆಮೇಲೆ ತೆಗೆಯಿರಿ. ತೂಕಕ್ಕೂ ಹಣಕ್ಕೂ ಫ್ಲೋಟ್ (ಅಂದಾಜು ದಶಮಾಂಶ) ಬಗೆಯ ಕಾಲಂ ಬೇಡವೇ ಬೇಡ. ಅದರಲ್ಲಿ ಸುಮಾರು 7 ಅಂಕಿಗಳನ್ನು ಮಾತ್ರ ನಂಬಬಹುದು. ಲಕ್ಷಗಳ ಲೆಕ್ಕದಲ್ಲಿ ಪೈಸೆ ಜಾರುತ್ತದೆ.

1062 ಬಂದರೆ, ಒಂದೇ ಇರಬೇಕು ಎಂದು ನೀವು ಹೇಳುತ್ತಿರುವುದು ಈಗಾಗಲೇ ಎರಡು ಇದೆ ಎಂದರ್ಥ. ಒಂದೇ ಮೊಬೈಲ್ ನಂಬರ್‌ನಲ್ಲಿ ಅಪ್ಪನ ಖಾತೆಯೂ ಮಗನ ಖಾತೆಯೂ ಇರುವುದು ನಮ್ಮಲ್ಲಿ ಸಾಮಾನ್ಯ. ‘ಗ್ರೂಪ್ ಬೈ’ ಮಾಡಿ ಒಂದಕ್ಕಿಂತ ಜಾಸ್ತಿ ಇರುವುದನ್ನು ಪಟ್ಟಿ ಮಾಡಿ. ಆಮೇಲೆ, ಮೊಬೈಲ್ ನಂಬರ್ ಯೂನಿಕ್ ಆಗಬೇಕು ಎಂಬ ನಿಯಮವೇ ಸರಿಯೇ ಎಂದು ಯೋಚಿಸಿ. ಎಷ್ಟೋ ಸಲ ತಪ್ಪು ನಿಯಮದಲ್ಲೇ ಇರುತ್ತದೆ.

ಫಾರಿನ್ ಕೀ (ಒಂದು ಟೇಬಲ್‌ನ ನಂಬರ್ ಇನ್ನೊಂದರಲ್ಲಿ ಇರಲೇಬೇಕು ಎಂಬ ನಿಯಮ) ಹಾಕುವಾಗ 1452 ಬಂದರೆ ತಾಯಿ ಇಲ್ಲದ ಸಾಲುಗಳಿವೆ. ಖರೀದಿ ಟೇಬಲ್‌ನಲ್ಲಿ ಬೆಳೆಗಾರರ ನಂಬರ್ ಇದೆ, ಬೆಳೆಗಾರರ ಟೇಬಲ್‌ನಲ್ಲಿ ಆ ನಂಬರ್ ಇಲ್ಲ. ‘ಲೆಫ್ಟ್ ಜಾಯಿನ್’ ಮಾಡಿ, ಬಲಗಡೆ ‘ನಲ್’ (ಏನೂ ಇಲ್ಲ ಎಂಬ ಗುರುತು) ಬಂದ ಸಾಲುಗಳನ್ನು ತೆಗೆದು ನೋಡಿ. ‘ಫಾರಿನ್ ಕೀ ಚೆಕ್ಸ್ = 0’ ಮಾಡಿದರೆ ಕಮಾಂಡ್ ಹೋಗುತ್ತದೆ. ಆದರೆ ಮತ್ತೆ 1 ಮಾಡಿದಾಗ ಹಳೆಯ ಸಾಲುಗಳನ್ನು ಸರ್ವರ್ ಪರೀಕ್ಷಿಸುವುದಿಲ್ಲ, ತಪ್ಪು ಒಳಗೇ ಉಳಿಯುತ್ತದೆ. ಎರಡೂ ಕಡೆಯ ಕಾಲಂ ಬಗೆ ಬೇರೆ ಇದ್ದರೂ ಫಾರಿನ್ ಕೀ ಕೂರುವುದಿಲ್ಲ. ಒಂದು ಇಂಟ್, ಇನ್ನೊಂದು ಅನ್‌ಸೈನ್ಡ್ ಇಂಟ್ ಆದರೂ ಸಾಕು. ಮೈಎಸ್‌ಕ್ಯೂಎಲ್ 8ರಲ್ಲಿ ಇದು 3780 ಎಂದು ಬರುತ್ತದೆ. ‘ಶೋ ಇಂಜಿನ್ ಇನ್ನೋಡಿಬಿ ಸ್ಟೇಟಸ್’ನಲ್ಲಿ ಕೊನೆಯ ಫಾರಿನ್ ಕೀ ಎರರ್‌ನ ವಿವರ ಇರುತ್ತದೆ.

ಹಳೆಯ ಡೇಟಾಬೇಸ್‌ನಿಂದ ಬಂದ ‘0000-00-00’ ತಾರೀಖುಗಳು, ನೀವು ಬೇರೆ ಯಾವುದೋ ಕಾಲಂ ಬದಲಿಸುವಾಗಲೂ ಅಡ್ಡ ಬರಬಹುದು. ಅವುಗಳನ್ನು ಮೊದಲು ನಲ್ ಮಾಡಿಕೊಳ್ಳಿ.

ಆಲ್ಟರ್ ಚೆನ್ನಾಗಿ ಮುಗಿದು, ಸಾಫ್ಟ್‌ವೇರ್ ಕೆಟ್ಟರೆ 1136 ಎರರ್ ಇದೆಯೇ ನೋಡಿ. ಕಾಲಂ ಹೆಸರು ಬರೆಯದೆ ‘ಇನ್ಸರ್ಟ್’ ಮಾಡಿದ ಹಳೆಯ ಕೋಡ್, ಹೊಸ ಕಾಲಂ ಬಂದ ಕೂಡಲೇ ಮುರಿಯುತ್ತದೆ. ಆ ಕೋಡ್ ಸರಿಮಾಡಿದ ಮೇಲೆ ಕ್ರಮ ಮುಖ್ಯ. ಮೊದಲು ನಲ್ ಒಪ್ಪುವ ಕಾಲಂ ಸೇರಿಸಿ, ಆಮೇಲೆ ಅದನ್ನು ಬಳಸುವ ಸಾಫ್ಟ್‌ವೇರ್ ಹಾಕಿ. ತೆಗೆಯುವಾಗ ತಿರುಗುಮುರುಗು.

ಕನ್ನಡ ಇರುವ ಕಾಲಂಗಳು

ಬೆಳೆಗಾರರ ಹೆಸರು, ಊರು, ತೋಟದ ಹೆಸರು ಕನ್ನಡದಲ್ಲಿ ಇರಲಿ ಎಂಬುದು ನನ್ನ ಆಸೆ. ಸ್ಲಿಪ್ ಓದುವವರು ಅವರೇ ಅಲ್ವಾ. ಅದಕ್ಕೆ ಒಂದು ಲೆಕ್ಕ ಗೊತ್ತಿರಬೇಕು. ‘ಚಿಕ್ಕಮಗಳೂರು’ ಎಂಬುದು ನಮ್ಮ ಕಣ್ಣಿಗೆ 6 ಅಕ್ಷರ. ಕಂಪ್ಯೂಟರ್‌ಗೆ ಒತ್ತು, ಗುಣಿತ ಎಲ್ಲ ಬೇರೆ ಬೇರೆ, ಆದ್ದರಿಂದ 11. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 33. ವಾರ್ಚಾರ್(10) ಕೊಟ್ಟರೆ ನಮ್ಮ ಊರಿನ ಹೆಸರೇ ಹಿಡಿಸುವುದಿಲ್ಲ. ಕನ್ನಡಕ್ಕೆ ಎಣಿಸಿದ್ದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯೇ ಇಡಿ. ‘ಚಾರ್ ಲೆಂತ್’ ಮತ್ತು ‘ಲೆಂತ್’ ಎರಡನ್ನೂ ಓಡಿಸಿ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಕನ್ನಡ ಇರಬೇಕಾದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ, ಮೊದಲು ಕನೆಕ್ಷನ್‌ನಲ್ಲಿ ‘ಸೆಟ್ ನೇಮ್ಸ್ ಯುಟಿಎಫ್8ಎಂಬಿ4’ ಕೊಟ್ಟು ಮತ್ತೆ ಓದಿ. ಆಗಲೂ ಅವೇ ಚಿಹ್ನೆಗಳೋ ಬೇರೆ ವಿಚಿತ್ರ ಅಕ್ಷರಗಳೋ ಕಂಡರೆ ‘ಹೆಕ್ಸ್’ ಫಂಕ್ಷನ್‌ನಿಂದ ನೋಡಿ. ಬರೀ 3ಎಫ್ 3ಎಫ್ ಎಂದು ಬಂದರೆ ಮೂಲ ಅಕ್ಷರ ಹೋಗಿದೆ, ಹಳೆಯ ಬ್ಯಾಕಪ್ ಅಥವಾ ಪುಸ್ತಕದಿಂದಲೇ ತುಂಬಬೇಕು. ಇ0ಬಿ2, ಇ0ಬಿ3 ಎಂದು ಶುರುವಾಗುವ ಮೂರು ಮೂರು ಬೈಟ್ ಕಂಡರೆ ಸಮಾಧಾನ ಪಟ್ಟುಕೊಳ್ಳಿ, ನಿಮ್ಮ ಕನ್ನಡ ಒಳಗೆ ಕ್ಷೇಮವಾಗಿದೆ. ಲ್ಯಾಟಿನ್1 (ಇಂಗ್ಲಿಷ್‌ನಂಥ ಭಾಷೆಗಳ ಅಕ್ಷರ ಸಂಕೇತ) ಎಂಬ ತಪ್ಪು ಚೀಟಿ ಅಂಟಿಸಿಕೊಂಡಿದೆ ಅಷ್ಟೇ. ಅಂಥ ಕಾಲಂ ಅನ್ನು ನೇರವಾಗಿ ಯುಟಿಎಫ್8ಎಂಬಿ4ಗೆ ಬದಲಿಸಿದರೆ ಇನ್ನೂ ಕೆಡುತ್ತದೆ. ಮೊದಲು ‘ವಾರ್‌ಬೈನರಿ’ ಅಥವಾ ‘ಬ್ಲಾಬ್’ ಮಾಡಿ, ಅಲ್ಲಿಂದ ಯುಟಿಎಫ್8ಎಂಬಿ4 ವಾರ್ಚಾರ್ ಮಾಡಿ. ಪ್ರತಿಯ ಮೇಲೆ ಪ್ರಯೋಗ ಮಾಡದೆ ಇದನ್ನು ಅಸಲಿನ ಮೇಲೆ ಮಾಡಲೇಬೇಡಿ.

ಐದನೇ ಹೆಜ್ಜೆ: ಹಿಂದಕ್ಕೆ ಬರುವ ದಾರಿ

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಟೇಬಲ್ ರಚನೆಯ ಬದಲಾವಣೆಯನ್ನೂ ‘ರೋಲ್‌ಬ್ಯಾಕ್’ ಮಾಡಿ ಹಿಂದಕ್ಕೆ ತರಬಹುದು. ಮೈಎಸ್‌ಕ್ಯೂಎಲ್, ಮರಿಯಾಡಿಬಿಯಲ್ಲಿ ಆಗುವುದಿಲ್ಲ. ಆಲ್ಟರ್ ಕೊಟ್ಟ ಕೂಡಲೇ ಅದಕ್ಕೆ ಮೊದಲಿನ ಕೆಲಸವೂ ಸೇರಿ ಕಮಿಟ್ (ಖಾಯಂ) ಆಗುತ್ತದೆ. ಆದ್ದರಿಂದ ಪ್ರತಿ ಬದಲಾವಣೆಗೆ ಒಂದು ಕಡತ ಮಾಡಿ. ಹೆಸರಿನಲ್ಲಿ ತಾರೀಖು, ಒಳಗೆ ಕಮಾಂಡ್, ಅದರ ಕೆಳಗೆ ಅದನ್ನು ತಿರುಗಿಸುವ ಕಮಾಂಡ್. ತಿರುಗಿಸುವ ಕಮಾಂಡ್ ಬರೆಯಲು ಆಗುತ್ತಿಲ್ಲ ಎಂದಾದರೆ ಆ ದಿನ ಕೆಲಸ ಶುರುಮಾಡಬೇಡಿ.

ದಿನ ಆರಿಸುವುದೂ ಇದರ ಭಾಗವೇ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಮೊದಲು ಅರೇಬಿಕಾ ಆಮೇಲೆ ರೊಬಸ್ಟಾ ಎಂದು, ಖರೀದಿಯ ಗದ್ದಲ. ಜೂನ್ ಬಂದರೆ ಮಳೆ, ಮಲೆನಾಡಿನ ಕರೆಂಟ್ ನಂಬುವಂತಿಲ್ಲ. ನಾನು ದೊಡ್ಡ ಬದಲಾವಣೆಗಳನ್ನು ಏಪ್ರಿಲ್, ಮೇ ತಿಂಗಳಿಗೆ ಇಟ್ಟುಕೊಳ್ಳುತ್ತೇನೆ, ಅದೂ ಬೆಳಗ್ಗೆ 6 ಗಂಟೆಗೆ. ಆ ದಿನಗಳ ಗುಡುಗು ಮಳೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ.

ದಿನದಿನದ ಆರೈಕೆ

ಕರೆಂಟ್ ಹೋಗಿ ಸರ್ವರ್ ಥಟ್ಟನೆ ನಿಂತಿತು ಎನ್ನಿ. ಮತ್ತೆ ಶುರುಮಾಡಿದಾಗ ಇನ್ನೋಡಿಬಿ ತನ್ನ ಲಾಗ್ ಓದಿಕೊಂಡು ತಾನೇ ಸರಿಮಾಡಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಹಿಡಿಯಬಹುದು, ಬಿಡಿ. ಎದ್ದೇಳಲಿಲ್ಲ ಎಂದು ಲಾಗ್ ಕಡತಗಳನ್ನಾಗಲೀ, ‘#’ ಗುರುತಿನಿಂದ ಶುರುವಾಗುವ ಕಡತಗಳನ್ನಾಗಲೀ ಕೈಯಿಂದ ಅಳಿಸಬೇಡಿ. ಎರರ್ ಲಾಗ್ ಓದಿ. ಬೇರೆ ದಾರಿಯೇ ಇಲ್ಲದಿದ್ದರೆ, ಇಡೀ ಡೇಟಾ ಫೋಲ್ಡರ್‌ನ ಕಾಪಿ ತೆಗೆದಿಟ್ಟು, ‘ಇನ್ನೋಡಿಬಿ ಫೋರ್ಸ್ ರಿಕವರಿ’ಯನ್ನು 1ರಿಂದ ಒಂದೊಂದೇ ಮೇಲೇರಿಸಿ. 4 ಮತ್ತು ಅದಕ್ಕಿಂತ ಮೇಲೆ ಹೋದರೆ ಡೇಟಾ ಶಾಶ್ವತವಾಗಿ ಕೆಡಬಹುದು. ಸರ್ವರ್ ಎದ್ದರೆ ಡಂಪ್ ತೆಗೆದುಕೊಂಡು ಹೊಸದಾಗಿ ಕಟ್ಟಿ, ಆ ಸ್ಥಿತಿಯಲ್ಲೇ ಬಿಲ್ ಹೊಡೆಯಬೇಡಿ. ‘ರಿಪೇರ್ ಟೇಬಲ್’ ಇನ್ನೋಡಿಬಿಗೆ ಕೆಲಸ ಮಾಡುವುದಿಲ್ಲ. ಅದು ಹಳೆಯ ಮೈಐಸ್ಯಾಮ್ ಟೇಬಲ್‌ಗಳಿಗೆ. ಅಂಥವು ಇನ್ನೂ ಉಳಿದಿದ್ದರೆ ಇನ್ನೋಡಿಬಿಗೆ ಬದಲಿಸುವುದೇ ಒಳ್ಳೆಯ ಆರೈಕೆ.

‘ಇನ್ನೋಡಿಬಿ ಫ್ಲಶ್ ಲಾಗ್ ಅಟ್ ಟಿಆರ್‌ಎಕ್ಸ್ ಕಮಿಟ್’ ಎಂಬ ಸೆಟ್ಟಿಂಗ್‌ನ ಮೌಲ್ಯ 1 ಇರಲಿ. ವೇಗಕ್ಕಾಗಿ 0 ಅಥವಾ 2 ಮಾಡುವವರಿದ್ದಾರೆ. ಕರೆಂಟ್ ಹೋದರೆ ಕೊನೆಯ ಒಂದು ಸೆಕೆಂಡ್‌ನ ಕೆಲಸ ಕಳೆಯಬಹುದು. ಒಂದು ಯುಪಿಎಸ್‌ನ ಬೆಲೆ ಅದಕ್ಕಿಂತ ಕಡಿಮೆ.

‘ಆಪ್ಟಿಮೈಸ್ ಟೇಬಲ್’ ಅನ್ನು ವಾರವಾರ ಓಡಿಸುವುದು ಬೇಡ. ಇನ್ನೋಡಿಬಿಯಲ್ಲಿ ಅದು ಇಡೀ ಟೇಬಲ್ ಮತ್ತೆ ಕಟ್ಟುತ್ತದೆ. ತುಂಬಾ ಸಾಲು ಅಳಿಸಿದ ಮೇಲೆ ಜಾಗ ಬೇಕಾದರೆ ಮಾತ್ರ ಸಾಕು. ಬಹಳ ಸಾಲು ತುಂಬಿದ ಮೇಲೆ ರಿಪೋರ್ಟ್ ನಿಧಾನವಾದರೆ ‘ಅನಲೈಸ್ ಟೇಬಲ್’ ಮಾಡಿ, ಅದು ಹಗುರ. ಸ್ಲೋ ಕ್ವೆರಿ ಲಾಗ್ (ನಿಧಾನವಾದ ಪ್ರಶ್ನೆಗಳ ದಾಖಲೆ) ಹಾಕಿಕೊಳ್ಳಿ. ಮೂಲ ಮಿತಿ 10 ಸೆಕೆಂಡ್, ಅದನ್ನು 1 ಅಥವಾ 2ಕ್ಕೆ ಇಳಿಸಿದರೆ ಯಾವುದಕ್ಕೆ ಇಂಡೆಕ್ಸ್ ಬೇಕಾಗಬಹುದು ಎಂಬ ಸುಳಿವು ಸಿಗುತ್ತದೆ. ಬೈನರಿ ಲಾಗ್‌ಗಳು (ಆದ ಬದಲಾವಣೆಗಳ ದಾಖಲೆ) ಡಿಸ್ಕ್ ತುಂಬಿಸಿದರೆ ‘ಪರ್ಜ್ ಬೈನರಿ ಲಾಗ್ಸ್’ ಕಮಾಂಡ್ ಇದೆ.

ಇನ್ನು ಬ್ಯಾಕಪ್. ನನ್ನ ಒಂದು ಪ್ರತಿ ಗೋದಾಮಿನಲ್ಲಿರುತ್ತದೆ, ಇನ್ನೊಂದು ಹಾಸನದ ಆಫೀಸಿನ ಹಳೆಯ ಕಂಪ್ಯೂಟರ್‌ಗೆ ರಾತ್ರಿ ಹೋಗುತ್ತದೆ. ತಿಂಗಳ ಮೊದಲ ಶನಿವಾರ ಅಲ್ಲಿ ಅದನ್ನು ಪೂರ್ತಿ ಬಿಚ್ಚುತ್ತೇವೆ. ಖರೀದಿ ಟೇಬಲ್‌ನ ಸಾಲು ಎಣಿಸುತ್ತೇವೆ, ಹಿಂದಿನ ದಿನದ ಒಟ್ಟು ತೂಕ ಕೂಡಿಸುತ್ತೇವೆ, ಕನ್ನಡದ ಹತ್ತು ಹೆಸರು ಓದಿ ನೋಡುತ್ತೇವೆ. ಆಮೇಲೆ ಗೋದಾಮಿಗೆ ಫೋನ್ ಮಾಡಿ, ಅವರ ಪುಸ್ತಕದ ಮೊತ್ತ ಕೇಳಿ ತಾಳೆ ನೋಡುತ್ತೇವೆ.